ಅವ್ವನ ಕೈಗುಣ

ನನ್ನ ಕೊರಳ ಕೆಳಗೆ, ತಾಳಿಯ ಬೊಟ್ಟುಗಳು ಬಂದು ಕೂರುವ ಜಾಗದಲ್ಲಿ, ಅಂಗೈಯಗಲದ ಗಾಯವೊಂದಿತ್ತು. ಆರಿದಂತೆ ಮಾಡುವುದು, ಮತ್ತೆ ಕೆರಳುವುದು, ನೀರೊಸರುವುದು, ಹಕ್ಕಳೆ ಕಟ್ಟುವುದು. ಮಗಳು ರಶ್ಮಿತಾ ಹುಟ್ಟಿದಾಗಿನ ಬಾಣಂತನ ಮುಗಿಸಿ ತವರಿನಿಂದ ಬಂದ ಮೇಲೆ ಶುರುವಾದದ್ದು, ಅವಳು ಶಾಲೆಗೆ ಹೋಗುವಷ್ಟು ದೊಡ್ಡವಳಾದರೂ ನನ್ನನ್ನು ಬಿಟ್ಟಿರಲಿಲ್ಲ. ಚಳ್ಳಕೆರೆಯ ನಮ್ಮ ಬೀದಿಯಲ್ಲಿ ವಾಣಿಶ್ರೀ ಎಂಬ ನನ್ನ ಹೆಸರು ಮರೆತವರಿದ್ದರು, ನನ್ನ ಕೆರೆತ ಮರೆತವರಿರಲಿಲ್ಲ.

ಬೇರೆ ಕಾಯಿಲೆಯಾದರೆ ಜನ ಅಯ್ಯೋ ಅನ್ನುತ್ತಾರೆ. ಕೆರೆತಕ್ಕೆ ಬರೀ ಸಲಹೆ ಕೊಡುತ್ತಾರೆ. ಪಕ್ಕದ ಮನೆಯ ನಾಗರತ್ನ ಬೇವಿನೆಲೆ ಅರೆದು ತಂದಳು. ಅವಳ ನಾದಿನಿ ಇದು ಸರ್ಪಸುತ್ತೇ ಸರಿ ಅಂತ ಕೆಮ್ಮಣ್ಣು ಬಳಿಸಿದಳು. ಮೆಡಿಕಲ್ ಶಾಪಿನವನು ಚೀಟಿ ಗೀಟಿ ಕೇಳದೆ ಒಂದು ಟ್ಯೂಬು ಕೊಟ್ಟ. ಹಚ್ಚಿದ ರಾತ್ರಿ ನಿದ್ದೆ ಬಂತು, ಅವನನ್ನು ಮನಸಾರೆ ಹರಸಿದೆ. ಬರಬರುತ್ತಾ ಅದನ್ನು ಹಚ್ಚದಿದ್ದರೆ ಬದುಕೇ ಇಲ್ಲ ಅನ್ನುವಂತಾಯಿತು. ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿ ಸೆರಗು ತಾಗಿದರೂ ಉರಿಯುತ್ತಿತ್ತು. ಜೊತೆಗೆ ಕೆರೆತದ ಮಾತ್ರೆ. ನುಂಗಿದರೆ ಮಾರನೆಯ ದಿನವೆಲ್ಲ ಮಂಪರು. ಆಗ ನಾನು ಒಂದು ಖಾಸಗಿ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಗಣಿತ ಹೇಳುತ್ತಿದ್ದೆ. ಒಂದು ಮಧ್ಯಾಹ್ನ ಬೋರ್ಡಿನ ಮೇಲೆ ಭಾಗಾಕಾರ ಬರೆದು, ಮಕ್ಕಳು ಮಾಡಲಿ ಅಂತ ಕುರ್ಚಿಯಲ್ಲಿ ಕೂತವಳು ಹಾಗೇ ನಿದ್ದೆ ಹೋದೆ. ಕಣ್ಣು ಬಿಟ್ಟಾಗ ಹೆಡ್‌ಮಾಸ್ಟರು ಎದುರಿಗಿದ್ದರು, ಮಕ್ಕಳು ಬಾಯಿಗೆ ಕೈ ಅಡ್ಡವಿಟ್ಟು ನಗುತ್ತಿದ್ದರು. ಕೆಲಸ ಬಿಡು ಅಂತ ಯಾರೂ ಅನ್ನಲಿಲ್ಲ. ಮುಖ ಎತ್ತಿ ಹೋಗುವುದಾಗದೆ ನಾನೇ ಬಿಟ್ಟೆ.

ಮಗಳ ವಿಷಯ ಹೇಳಲೇಬೇಕು. ಅವಳು ಓಡಿಬಂದು ಎದೆಗೆ ಬಿದ್ದರೆ ನಾನು ಹಾ ಅಂತ ಕಿರುಚಿ ತಳ್ಳುತ್ತಿದ್ದೆ. ಎರಡು ಸಲ ಅತ್ತಳು, ಆಮೇಲೆ ತಾನೇ ಕಲಿತಳು. ಅಪ್ಪಿಕೊಳ್ಳಬೇಕು ಅನಿಸಿದರೆ ಸದ್ದಿಲ್ಲದೆ ನನ್ನ ಬೆನ್ನ ಕಡೆಯಿಂದ ಬರುತ್ತಿದ್ದಳು.

ಇನ್ನು ಪಥ್ಯ. ನಮ್ಮವರು ಚಂದ್ರಶೇಖರ್ ಅವರದು ಮಾರುಕಟ್ಟೆಯಲ್ಲಿ ಶೇಂಗಾ ಮಂಡಿ. ನಮ್ಮ ಮನೆಯ ಚಟ್ನಿ, ಪಲ್ಯ, ಉಂಡೆ, ಒಗ್ಗರಣೆ ಎಲ್ಲದರಲ್ಲೂ ಶೇಂಗಾ. ಅಂಥ ಮನೆಯಲ್ಲಿ ನನಗೊಬ್ಬಳಿಗೆ ಅದು ನಂಜು. ಬದನೆಕಾಯಿ ನಂಜು, ಆಲೂಗಡ್ಡೆ ನಂಜು, ಅವರೆಕಾಳು ನಂಜು. ನನಗೇ ಬೇರೆ ಎಣ್ಣೆ, ಬೇರೆ ಬಾಣಲೆ. ಈ ಪಥ್ಯ ಹೇಳಿದ್ದು ಯಾವ ಡಾಕ್ಟರೂ ಅಲ್ಲ, ನನ್ನವ್ವ.

"ಬಾಣಂತನದಾಗೆ ಬಾಯಿ ಕಟ್ಲಿಲ್ಲ ನೀನು. ಅದೇ ನಂಜು ಮೈಯಾಗೆ ಉಳ್ಕಂಡೈತೆ" ಅನ್ನುತ್ತಿದ್ದಳು.

ತಪ್ಪೇನೋ ನನ್ನದೇ ಅಂತ ನಂಬಿದ್ದೆ. ಮೊಳಕಾಲ್ಮೂರು ತಾಲ್ಲೂಕಿನ ಕೊಂಡ್ಲಹಳ್ಳಿಯಲ್ಲಿ ನಾನು ಹಸಿಬಾಣಂತಿಯಾಗಿ ಮಲಗಿದ್ದಾಗಲೇ ತಮ್ಮ ಅಮರೇಶನ ಮದುವೆಯೂ ಕೂಡಿಬಂದಿತ್ತು. ಮದುವೆಗೆ ಕಟ್ಟಿಟ್ಟಿದ್ದ ಶೇಂಗಾ ಉಂಡೆಯಲ್ಲಿ ಒಂದನ್ನು ಕದ್ದು ತಿಂದಿದ್ದೆ. ಆ ಒಂದು ಉಂಡೆಗೆ ಇಷ್ಟು ವರ್ಷ ಬಾಯಿ ಕಟ್ಟಿದೆ.

ಇಷ್ಟೆಲ್ಲದರ ನಡುವೆ ನನಗೆ ನೆಮ್ಮದಿ ಸಿಗುತ್ತಿದ್ದದ್ದು ಅವ್ವ ಬಂದಾಗ. ಹಬ್ಬ ತಪ್ಪಿದರೂ ಅವಳು ತಪ್ಪುತ್ತಿರಲಿಲ್ಲ. ಬಂದವಳೇ ನನ್ನ ಕೊರಳಿಗೆ ಅರಿಶಿನ ದಾರ ಕಟ್ಟಿ, ತಾಳಿ ಸರ ಬಿಚ್ಚಿಕೊಂಡು, ಅಂಟುವಾಳದ ನೀರಲ್ಲಿ ತಿಕ್ಕಿ ತೊಳೆಯುತ್ತಿದ್ದಳು. "ಬೆವರು ಕೂತ್ರೆ ಬೊಟ್ಟು ಮಂಕಾಗ್ತಾವೆ ಕಣವ್ವ" ಅಂತ ಅದನ್ನು ಒಣಗಿಸಲು ತಾನೊಬ್ಬಳೇ ಮಾಳಿಗೆ ಹತ್ತುತ್ತಿದ್ದಳು. ಬಿಸಿಲಲ್ಲಿ ಕಾದು ಕೂತು ಇಳಿದು ಬಂದು, ಗಾಯಕ್ಕೆ ಬೇವಿನೆಣ್ಣೆ ಸವರಿ, ತಾಳಿಯನ್ನು ತನ್ನ ಕೈಯಾರೆ ಹಾಕುತ್ತಿದ್ದಳು. ಹೋಗುವಾಗ ಬೊಟ್ಟುಗಳನ್ನು ರವಿಕೆಯಿಂದ ಹೊರಗೆಳೆದು ಸೆರಗಿನ ಮೇಲೆ ಇಡುತ್ತಿದ್ದಳು. ಅವಳು ಹೋದ ಮೇಲೆ ಒಂದೆರಡು ವಾರ ಕೆರೆತ ತಣ್ಣಗಿರುತ್ತಿತ್ತು. ದೇವರಾಣೆಗೂ ಇರುತ್ತಿತ್ತು. ನಾನು ಟ್ಯೂಬು ಮುಟ್ಟದೆ ಮಲಗುತ್ತಿದ್ದೆ, ಮಗಳಿಗೆ ಜಡೆ ಹಾಕುತ್ತಾ ಹಾಡು ಹೇಳುತ್ತಿದ್ದೆ.

"ನಮ್ಮವ್ವನ ಕೈಗುಣ" ಅಂತ ಬೀದಿಗೆಲ್ಲ ಸಾರಿದ್ದೆ. ಅತ್ತೆ ಸುಲೋಚನಮ್ಮನಿಗೆ ಕೇಳಲಿ ಅಂತಲೇ ಎರಡು ಸಲ ಜಾಸ್ತಿ ಹೇಳುತ್ತಿದ್ದೆ. ಅವರೂ ಬಿಡುವವರಲ್ಲ. "ಹಂಗಾದ್ರೆ ನಿಮ್ಮವ್ವನ್ನ ಇಲ್ಲೇ ಇಟ್ಕಳಮ್ಮ, ನಮಗೂ ಎರಡೆರಡು ಅಡಿಗೆ ಮಾಡೋದು ತಪ್ತದೆ" ಅನ್ನುತ್ತಿದ್ದರು.

ಹೀಗಿರುವಾಗ ಚರ್ಮದ ಡಾಕ್ಟರೊಬ್ಬರು ವಾರಕ್ಕೊಮ್ಮೆ ನಮ್ಮೂರಿಗೆ ಬರತೊಡಗಿದರು. ಶಿಲ್ಪಾ ಅಂತ ಹೆಸರು, ಚಿಕ್ಕ ವಯಸ್ಸು. ನನ್ನ ಟ್ಯೂಬು ನೋಡಿ ಕಣ್ಣರಳಿಸಿ, "ಇದನ್ನ ಇಷ್ಟು ವರ್ಷ ಹಚ್ಚಿದೀರಾ?" ಅಂತ ಬೈದರು. ಆಮೇಲೆ ಬೆನ್ನಿಗೆ ಸಾಲಾಗಿ ಪಟ್ಟಿ ಅಂಟಿಸಿ, ಒಂದೊಂದರಲ್ಲಿ ಒಂದೊಂದು ವಸ್ತು ಇದೆ, ಹೇಳುವವರೆಗೂ ಸ್ನಾನ ಮಾಡಬೇಡಿ ಅಂದರು. ಪಟ್ಟಿ ಕಿತ್ತು ನೋಡುವ ದಿನ ಒಂದು ಕಡೆ ಮಾತ್ರ ಚರ್ಮ ಕೆಂಪಗೆ ಊದಿಕೊಂಡಿತ್ತು.

"ನಿಕ್ಕಲ್. ಅದೊಂದು ಲೋಹ" ಅಂದರು ಡಾಕ್ಟರು. "ನಿಮ್ಮ ಗಾಯ ಊಟದಿಂದ ಬಂದಿದ್ದಲ್ಲ, ಮೈಗೆ ತಾಗೋದರಿಂದ ಬಂದಿದ್ದು. ಕೊರಳಲ್ಲಿ ಏನು ಹಾಕ್ತೀರಿ?"

"ತಾಳಿ. ಚಿನ್ನದ್ದು."

"ಒಳ್ಳೆ ಚಿನ್ನಕ್ಕೆ ಹೀಗಾಗಲ್ಲ. ಮೇಲಷ್ಟೇ ಚಿನ್ನದ ನೀರು ಕೊಟ್ಟ ಕವರಿಂಗ್ ಒಡವೆಗೆ ಆಗುತ್ತೆ. ಮುಂದಿನ ವಾರ ಬನ್ನಿ, ಹಚ್ಚಿ ನೋಡೋ ಔಷಧಿ ತರ್ತೀನಿ."

ನಮ್ಮ ಕಡೆ ತಾಳಿಗೆ ಎರಡು ಬೊಟ್ಟು. ಒಂದು ಗಂಡನ ಮನೆಯದು, ಒಂದು ತವರಿನದು. ಗಂಡನ ಮನೆಯದು ಸಪ್ಪೆ ಬಿಲ್ಲೆ, ಒಂದು ಗೆರೆ ಚಿತ್ತಾರವೂ ಇಲ್ಲ. ತವರಿನದು ನನ್ನ ಅಜ್ಜಿಯದು, ಅಪ್ಪನ ತಾಯಿಯದು. ಅಂಚಿಗೆ ಸಾಸಿವೆಯಂಥ ಕಾಳುಗಳು ಸುತ್ತಿದ್ದವು. ಹಲ್ಲು ಬರುವ ವಯಸ್ಸಿನಲ್ಲಿ ನಾನು ಅಜ್ಜಿಯ ತೊಡೆಯ ಮೇಲೆ ಕೂತು ಅದನ್ನು ಕಚ್ಚಿ ತಗ್ಗು ಮಾಡಿದ್ದೆನಂತೆ. "ಹಲ್ಲಿನ ಗುರುತು ಹಾಕ್ಕಂಡಾಳೆ, ಇದು ಇವಳಿಗೇ" ಅಂತ ಅಜ್ಜಿ ಆಗಲೇ ಹೇಳಿಟ್ಟಿದ್ದಳು. ಮದುವೆಯಲ್ಲಿ ಅದನ್ನೇ ನನಗೆ ಕಟ್ಟಿದರು.

ಯಾವುದು ಖೋಟಾ ಅನ್ನುವುದು ನನಗೆ ದಾರಿಯಲ್ಲೇ ತೀರ್ಮಾನವಾಗಿತ್ತು. ಮನೆ ಮುಟ್ಟಿದಾಗ ಅತ್ತೆ ಲಿಂಗಪೂಜೆ ಮುಗಿಸಿ ಏಳುತ್ತಿದ್ದರು. ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು. ನಾನು ಚಪ್ಪಲಿ ಕೂಡ ಸರಿಯಾಗಿ ಬಿಡಲಿಲ್ಲ.

"ನಿಮ್ಮನೆ ಬೊಟ್ಟು ಚಿನ್ನದ್ದಲ್ವಂತೆ ಅತ್ತೆ. ಇಷ್ಟು ವರ್ಷ ನನ್ನ ಎದೆ ಸುಟ್ಟಿದ್ದು ಅದೇ."

"ಯಾವ ಡಾಕ್ಟ್ರು ಹಂಗಂದ್ರು?"

"ತಾಳಿಯಾಗೆ ಖೋಟಾ ಐತೆ ಅಂದ್ರು. ಯಾವ್ದು ಅಂತ ನಾನು ಹೇಳ್ತಿದೀನಿ."

"ಅದ್ರಾಗೆ ಎರಡು ಬೊಟ್ಟು ಅದಾವಲ್ಲಮ್ಮ."

"ಇನ್ನೊಂದು ನಮ್ಮವ್ವ ಕೊಟ್ಟಿದ್ದು!"

ನನ್ನ ವಾದ ಅಷ್ಟೇ. ಅದಕ್ಕಿಂತ ಸಾಕ್ಷಿ ಬೇಕು ಅಂತ ನನಗೆ ಅನಿಸಲೇ ಇಲ್ಲ. ನಮ್ಮವರು ಅಷ್ಟರಲ್ಲಿ ಊಟಕ್ಕೆ ಬಂದರು. ತಾಯಿಯ ಮುಖ ನೋಡಿದರು, ನನ್ನ ಮುಖ ನೋಡಿದರು, ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋದವರು ಬೇಗ ಬರಲಿಲ್ಲ. ಆ ವಾರವಿಡೀ ಮನೆಯಲ್ಲಿ ಪಾತ್ರೆಗಳೇ ಮಾತಾಡಿದವು. ಡಾಕ್ಟರು ಬರುವ ದಿನ ಅತ್ತೆ ಸೀರೆ ಬದಲಾಯಿಸಿಕೊಂಡು ಬಾಗಿಲಲ್ಲಿ ನಿಂತಿದ್ದರು.

"ನಡಿ, ನಾನೂ ಬರ್ತೀನಿ. ಅದೇನು ಹಚ್ತಾರೋ ನನ್ನ ಕಣ್ಣೆದುರಿಗೇ ಹಚ್ಲಿ."

ಡಾಕ್ಟರು ಪುಟ್ಟ ಸೀಸೆಯಿಂದ ನೀರಿನಂಥ ಔಷಧಿಯನ್ನು ಹತ್ತಿಗೆ ಹನಿಸಿದರು. "ನಿಕ್ಕಲ್ ಇದ್ದರೆ ಹತ್ತಿ ಗುಲಾಬಿ ಬಣ್ಣಕ್ಕೆ ತಿರುಗುತ್ತೆ" ಅಂದರು. ಮೊದಲು ಸಪ್ಪೆ ಬಿಲ್ಲೆಯನ್ನು ಹಿಡಿದು ತಿಕ್ಕಿದರು. ಹಿಂದೆ ತಿಕ್ಕಿದರು, ಮುಂದೆ ತಿಕ್ಕಿದರು. ಹತ್ತಿ ಬೆಳ್ಳಗೇ ಇತ್ತು. ಇನ್ನೊಂದು ಸಲ ತಿಕ್ಕಿ ಅಂದೆ. ತಿಕ್ಕಿದರು. ಬೆಳ್ಳಗೇ ಇತ್ತು.

ಆಮೇಲೆ ಅಜ್ಜಿಯ ಬೊಟ್ಟು. ಅದನ್ನು ಬೋರಲು ಹಾಕಿದ ಡಾಕ್ಟರು ಬಗ್ಗಿ ನೋಡಿ, ಉಗುರಿನಿಂದ ಮೆಲ್ಲಗೆ ಕೆರೆದರು. ಪ್ಲಾಸ್ಟಿಕ್ ಹಾಳೆಯಂಥ ತೆಳ್ಳನೆ ಪೊರೆಯೊಂದು ಎದ್ದುಬಂತು. ಅದರ ಅಡಿಯ ಜಾಗಕ್ಕೆ ಹತ್ತಿ ತಿಕ್ಕಿದರು. ಹತ್ತಿ ಗುಲಾಬಿಯಾಯಿತು, ಸಂತೆಯ ಬತ್ತಾಸಿನ ಹಾಗೆ.

"ಹಿಂದುಗಡೆ ಉಗುರಿನ ಪಾಲಿಶ್ ಬಳಿದಿದೀರಲ್ಲ, ಬಣ್ಣ ಇಲ್ಲದ್ದು" ಅಂದರು ಡಾಕ್ಟರು. "ಈ ಅಲರ್ಜಿ ಇರೋರು ಕೆಲವರು ಹೀಗೆ ಮಾಡ್ತಾರೆ. ಒಂದೆರಡು ವಾರ ತಡೆಯುತ್ತೆ. ಬೆವರಿಗೆ ಎದ್ದು ಹೋದ ಮೇಲೆ ಮತ್ತೆ ಶುರುವಾಗುತ್ತೆ. ಯಾರು ಹೇಳಿಕೊಟ್ರು ನಿಮಗೆ?"

ನಾನು ಬಳಿದಿರಲಿಲ್ಲ. ಒಂದೆರಡು ವಾರ. ಮಾಳಿಗೆ, ಬಿಸಿಲು, ಅಲ್ಲಿ ಒಬ್ಬಳೇ ಕೂತ ಅವ್ವ. ಬೊಟ್ಟನ್ನು ಕೈಗೆತ್ತಿಕೊಂಡು ಅಂಚು ಸವರಿದೆ. ಎಲ್ಲೂ ತಗ್ಗಿರಲಿಲ್ಲ. ಬಾಣಂತನದಲ್ಲಿ ದಿನಾ ಎಣ್ಣೆ ನೀರು ಹಾಕುವಾಗ ಅವ್ವ ತಾಳಿ ಬಿಚ್ಚಿ ಬೀರುವಿನಲ್ಲಿಟ್ಟಿದ್ದಳು. ಹೊರಡುವ ದಿನ ಪಾಲಿಶ್ ಮಾಡಿಸಿದ್ದೇನೆ ಅಂತ ಫಳಫಳ ಹೊಳೆಯುವುದನ್ನು ಕೊಟ್ಟಳು. ಹಲ್ಲಿನ ಗುರುತೆಲ್ಲಿ ಅಂದದ್ದಕ್ಕೆ, "ಅಕ್ಕಸಾಲಿಗ ತಟ್ಟಿ ಸರಿ ಮಾಡ್ದ ಕಣವ್ವ" ಅಂದಿದ್ದಳು. ಗುರುತು ಹೋಯಿತಲ್ಲ ಅಂತ ಆವತ್ತು ನನಗೆ ಸ್ವಲ್ಪ ಬೇಜಾರೂ ಆಗಿತ್ತು.

ಅತ್ತೆ ನನ್ನ ಚೀಲ ತಾವೇ ಎತ್ತಿಕೊಂಡರು. ಬೀದಿಗೆ ಬಂದ ಮೇಲೆ, "ಚಂದ್ರಂಗೆ ನಾನೇನೂ ಹೇಳಲ್ಲ. ನಾಳೆ ಊರಿಗೆ ಹೋಗಿ ಬಾ" ಅಂದರು. ನಾಲ್ಕು ಬೈದಿದ್ದರೆ ಒಳ್ಳೆಯದಿತ್ತು. ಬೈಸಿಕೊಳ್ಳಬೇಕು ಅಂತ ನಾನು ಅವರ ಮುಖವನ್ನೇ ನೋಡುತ್ತಾ ಬಂದೆ. ಅವರು ಆಟೊ ಹತ್ತಿ ನನಗೆ ಜಾಗ ಬಿಟ್ಟು ಕೂತರು.

ಮಾರನೆಯ ಬೆಳಿಗ್ಗೆ ಕೊಂಡ್ಲಹಳ್ಳಿಯ ಮನೆಯಂಗಳದಲ್ಲಿ ಅಮರೇಶನ ಹೆಂಡತಿ ತ್ರಿವೇಣಿ ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದಳು. "ಬರ್ರಿ ಅಕ್ಕ" ಅಂತ ಮುಖವರಳಿಸಿ ಎದ್ದಳು. ಬಗ್ಗಿ ಏಳುವಾಗ ಅವಳ ತಾಳಿ ಮುಂದಕ್ಕೆ ಜೋತಾಡಿತು. ಅಂಚಿಗೆ ಸಾಸಿವೆ ಕಾಳಿನ ಬೊಟ್ಟು. ಇದನ್ನು ನಾನು ಮೊದಲೂ ನೋಡಿದ್ದೆ. ನಿನ್ನದರ ಹಾಗೇ ಸೊಸೆಗೂ ಮಾಡಿಸಿದೆವು ಅಂತ ಅವ್ವ ಹೇಳಿದಾಗ, ನನ್ನದನ್ನು ನೋಡಿ ಮಾಡಿಸಿದರು ಅಂತ ಹೆಮ್ಮೆ ಪಟ್ಟಿದ್ದೆ. ಈಗ ಹತ್ತಿರ ಹೋಗಿ ಅದನ್ನು ಹಿಡಿದು ಅಂಚಿನ ಮೇಲೆ ಹೆಬ್ಬೆರಳಾಡಿಸಿದೆ. ತಗ್ಗು ಅಲ್ಲಿತ್ತು. ತ್ರಿವೇಣಿಯ ಕೊರಳು ತಿಳಿಯಾಗಿತ್ತು, ಒಂದು ಸಾಸಿವೆಯಷ್ಟು ಕಲೆಯಿರಲಿಲ್ಲ.

ಅವ್ವ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಳು. ನಾನು ಕರವಸ್ತ್ರ ಬಿಚ್ಚಿ ಖೋಟಾ ಬೊಟ್ಟನ್ನು ಅವಳ ಹಿಟ್ಟಿನ ಮಣೆಯ ಪಕ್ಕದಲ್ಲಿಟ್ಟೆ. ಅವಳು ಅದನ್ನು ನೋಡಿದಳು. ಇದೇನು ಅಂತ ಕೇಳಲಿಲ್ಲ. ಅವಳಿಗೆ ಗೊತ್ತಿತ್ತು ಅಂತ ಆಗಲೇ ತಿಳಿಯಿತು. ದಾರಿಯುದ್ದಕ್ಕೂ, ಅವಳಿಗೂ ಗೊತ್ತಿರಲಾರದು, ಅಪ್ಪನೋ ಅಕ್ಕಸಾಲಿಗನೋ ಮಾಡಿದ್ದಿರಬೇಕು ಅಂತ ಅಂದುಕೊಂಡು ಬಂದಿದ್ದೆ.

"ಮನೆ ಬೊಟ್ಟು ಮನೆ ಸೊಸೆಗೇ ಇರ್ಬೇಕು ಅಂದ್ರು ನಿಮ್ಮಪ್ಪ" ಅಂದಳು ಅವ್ವ, ರೊಟ್ಟಿ ಕಡೆ ನೋಡುತ್ತಾ. "ತ್ರಿವೇಣಿ ಕಡೆ ಬೀಗ್ರು ಎಲ್ಲಾ ಹಿರೇರ ಬೊಟ್ಟು ಎಲ್ಲಿ ಅಂತ ಕೇಳಿದ್ರು. ಸದ್ಯಕ್ಕೆ ಇದನ್ನ ಹಾಕಿ, ಆಮೇಲೆ ನಿನಗೊಂದು ಚಿನ್ನದ್ದು ಮಾಡಿಸಿ ಬದಲಾಯಿಸಿದ್ರಾಯ್ತು ಅಂದ್ಕಂಡ್ವಿ."

"ನನ್ನ ಕೇಳ್ಬೋದಿತ್ತಲ್ಲವ್ವ. ನಾನೇ ಬಿಚ್ಚಿ ಕೊಡ್ತಿದ್ದೆ."

"ಕೇಳಿದ್ರೆ ನಿಮ್ಮತ್ತೆಗೆ ಗೊತ್ತಾಗ್ತಿತ್ತು. ಕೊಟ್ಟಿದ್ದು ಕಿತ್ಕಂಡ್ರು ಅಂತ ಆಡ್ಕಂತಿದ್ರು. ನೀನು ನನ್ನ ಮಗಳು. ಗೊತ್ತಾದ್ರೂ ಹೊಟ್ಟಿಗೆ ಹಾಕ್ಕಂತೀಯ ಅಂತ..."

"ಆಮೇಲೆ ಯಾಕೆ ಮಾಡಿಸಲಿಲ್ಲ?"

ಪಡಸಾಲೆಯಿಂದ ಅಪ್ಪ ಏಕಾಂತಪ್ಪನ ಗಂಟಲು ಕೇಳಿಸಿತು. "ಒಂದು ಬೊಟ್ಟಿಗೆ ಇಷ್ಟು ರಂಪ ಮಾಡ್ತಾರೇನವ್ವ? ಮಾಡಿಸೋಣ ಬಿಡು." ಹಾಗಂದು ಪೇಪರಿನ ಹಾಳೆ ಮಗುಚಿದ. ತಮ್ಮ ಮನೆಯಲ್ಲಿರಲಿಲ್ಲ. ಇದ್ದಿದ್ದರೂ ಇದನ್ನೇ ಅನ್ನುತ್ತಿದ್ದ.

ನನಗೆ ಬೊಟ್ಟು ಬೇಕಾಗಿರಲಿಲ್ಲ. ಬೇಕಾಗಿದ್ದ ಮಾತು ಬೇರೆಯೇ ಇತ್ತು.

"ಕೆರೆತ ಅದ್ರಿಂದ ಅಂತ ನಿನಗೆ ಗೊತ್ತಿತ್ತಾ ಅವ್ವ?"

ಅವಳು ಹೆಂಚಿನ ಮೇಲಿನ ರೊಟ್ಟಿ ತಿರುವಲಿಲ್ಲ. ಅದು ಕರಿಯಾಗತೊಡಗಿತು.

"ಮೊದ್ಲು ಗೊತ್ತಿರ್ಲಿಲ್ಲ. ಆಮೇಲೆ ಕವರಿಂಗ್ ಮಾರೋನು ಹೇಳ್ದ, ಕೆಲವ್ರ ಮೈಗೆ ಆಗಲ್ಲ, ಹಿಂದ್ಗಡೆ ಇದನ್ನ ಬಳೀರಿ ಅಂತ. ಅದಕ್ಕೇ ಹಬ್ಬ ಹಬ್ಬಕ್ಕೂ ಓಡೋಡಿ ಬರ್ತಿದ್ನಲ್ಲ ವಾಣಿ. ಮೊಣಕಾಲು ಹಿಡ್ಕಂಡು ನಿಮ್ಮ ಮಾಳಿಗೆ ಹತ್ತುತಿದ್ನಲ್ಲ."

"ಮತ್ತೆ ಶೇಂಗಾ ತಿನ್ನಬೇಡ ಅಂತ ಯಾಕೆ ಹೇಳ್ದೆ? ನಾನು ಕೆಲ್ಸ ಬಿಟ್ಟೆ, ನನ್ನ ಮಗಳು ನನ್ನ ಬೆನ್ನು ತಬ್ಬಿ ಬೆಳೆದ್ಲು. ಬಾಯಿ ಕಟ್ಲಿಲ್ಲ ನೀನು ಅಂತ ನನ್ನನ್ನೇ ಯಾಕೆ ಅಂದೆ?"

"ಎಲ್ರೂ ಹಂಗೇ ಅಂತಿದ್ರು. ನಾನೂ ಅಂದೆ."

ಹೇಳುತ್ತಾ ಅಳತೊಡಗಿದಳು. ಅಳುತ್ತಲೇ ಸೊಂಟದ ಎಲೆಯಡಿಕೆ ಸಂಚಿ ಬಿಚ್ಚಿ, ಸುಣ್ಣದ ಡಬ್ಬಿಯ ಪಕ್ಕದಿಂದ ಪುಟ್ಟದೊಂದು ಸೀಸೆ ತೆಗೆದಳು. ಉಗುರಿನ ಪಾಲಿಶ್. ತಳದಲ್ಲಿ ಒಂಚೂರು ಉಳಿದಿತ್ತು. "ತಡಿ, ಇದಕ್ಕೆ ಎರಡು ಸಲ ಬಳೀತೀನಿ. ಈ ಸಲ ಗಟ್ಟಿಯಾಗಿ ನಿಲ್ತದೆ" ಅಂದಳು. ಹಿಟ್ಟು ಮೆತ್ತಿದ ಬೆರಳಲ್ಲಿ ಮುಚ್ಚಳ ತಿರುವುತ್ತಿದ್ದ ಅವಳನ್ನು ನೋಡಿ ನನಗೆ ಹೊಡೆಯಬೇಕು ಅನಿಸಿತು. ಅವಳ ತೊಡೆಯ ಮೇಲೆ ತಲೆಯಿಟ್ಟು ಅಳಬೇಕು ಅಂತಲೂ ಅನಿಸಿತು. ಎರಡೂ ಮಾಡಲಾಗದೆ ಎದ್ದುಬಿಟ್ಟೆ. ಅಡಿಗೆಮನೆಯ ಬಾಗಿಲಲ್ಲಿ ತ್ರಿವೇಣಿ ನಿಂತಿದ್ದಳು. "ನಂಗೊತ್ತಿರ್ಲಿಲ್ಲ ಅಕ್ಕ" ಅಂದಳು. ತನ್ನ ಕೊರಳ ಬೊಟ್ಟನ್ನು ಮುಷ್ಟಿಯಲ್ಲಿ ಭದ್ರವಾಗಿ ಮುಚ್ಚಿಕೊಂಡಿದ್ದಳು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ.

ಖೋಟಾ ಬೊಟ್ಟನ್ನು ಮಣೆಯ ಪಕ್ಕದಲ್ಲೇ ಬಿಟ್ಟು ಬಂದೆ. ಬಸ್‌ಸ್ಟಾಂಡಿನಲ್ಲಿ ಹುರಿದ ಶೇಂಗಾ ಪೊಟ್ಟಣ ಕೊಂಡು, ಚಳ್ಳಕೆರೆ ಬರುವವರೆಗೂ ಸಿಪ್ಪೆ ಸುಲಿಯುತ್ತಾ ಅಳುತ್ತಾ ತಿಂದೆ. ಪಕ್ಕದ ಸೀಟಿನ ಹೆಂಗಸು ಖಾರ ಜಾಸ್ತಿಯಾಯ್ತೇನೋ ಅಂತ ನೀರು ಕೊಟ್ಟಳು.

ಮನೆಯಲ್ಲಿ ಅತ್ತೆ ನನ್ನ ಒಂಟಿ ಬೊಟ್ಟಿನ ತಾಳಿ ನೋಡಿ, "ಯಾರಾರ ಕೇಳಿದ್ರೆ ಇನ್ನೊಂದನ್ನ ಪಾಲಿಶ್‌ಗೆ ಕೊಟ್ಟೀವಿ ಅನ್ನು" ಅಂದರು. ನನ್ನ ಬಾಣಲೆಯನ್ನು ಅವರೇ ಎತ್ತಿ ಅಟ್ಟಕ್ಕೆ ಹಾಕಿದರು. ತಪ್ಪಾಯಿತು ಅತ್ತೆ ಅಂತ ನಾನು ಹೇಳಿದೆ. ಹ್ಞೂಂ ಅಂದರು, ಅಷ್ಟೇ.

ಗಾಯ ನಿಧಾನವಾಗಿ ಆರಿತು. ಟ್ಯೂಬನ್ನು ಒಂದೇ ಸಲ ಬಿಡಬಾರದು ಅಂತ ಡಾಕ್ಟರು ಹಂತಹಂತವಾಗಿ ಬಿಡಿಸಿದರು. ತೆಳ್ಳಗಾದ ಚರ್ಮ ಮೊದಲಿನಂತಾಗಲು ಇನ್ನೂ ಕಾಲ ಬೇಕಂತೆ, ಕಲೆ ಪೂರ್ತಿ ಹೋಗದೆಯೂ ಇರಬಹುದಂತೆ. ಮಾತ್ರೆ ನಿಂತ ಮೇಲೆ ಹಗಲು ಇಷ್ಟು ಉದ್ದ ಇರುತ್ತದೆ ಅಂತ ಗೊತ್ತಾಯಿತು. ಒಂದು ಸಂಜೆ ರಶ್ಮಿತಾಳನ್ನು ಎದುರಿಗೆ ಕರೆದು ಎದೆಗೆ ಒರಗಿಸಿಕೊಂಡೆ. ಅವಳು ಕೋಲಿನ ಹಾಗೆ ಸೆಟೆದು ನಿಂತು, ನೋವಾಗಲ್ವಾ ಅಂತ ಕೇಳಿ, ಆಮೇಲೆ ಮೈ ಸಡಿಲ ಬಿಟ್ಟಳು.

ಅವ್ವ ಮುಂದಿನ ಹಬ್ಬಕ್ಕೆ ಬರಲಿಲ್ಲ. ನಾನೂ ಕರೆಯಲಿಲ್ಲ.

ಆ ಹಬ್ಬದ ಮಾರನೆಯ ದಿನ ನಾಗರತ್ನ ಜಗಲಿಯಲ್ಲಿ ಕೂತು ನನ್ನ ಕೊರಳನ್ನೇ ನೋಡಿದಳು. "ಎಷ್ಟು ಚೆನ್ನಾಗಿ ಮಾಯ್ದೈತಲ್ಲೇ ವಾಣಿ! ಕಡೀಗೆ ಯಾರ ಔಷಧಿ ಹತ್ತು?"

ನಾನು ಸೆರಗು ಸರಿಮಾಡಿಕೊಂಡೆ. ಒಳಗಿನಿಂದ ಅತ್ತೆಯ ದನಿ ಬಂತು. "ಇನ್ಯಾರ್ದು? ಅವರವ್ವನ ಕೈಗುಣನೇ."

"ಎಷ್ಟಾದ್ರೂ ಹೆತ್ತ ಕೈ" ಅಂದಳು ನಾಗರತ್ನ. "ನೀನು ಪುಣ್ಯ ಮಾಡಿದೀಯ ಬಿಡು."

ನನ್ನ ಕೈ ಅಭ್ಯಾಸದಂತೆ ಕೊರಳ ಕೆಳಕ್ಕೆ ಹೋಯಿತು. ಅಲ್ಲಿ ತುರಿಕೆ ಇರಲಿಲ್ಲ. ಇದ್ದಿದ್ದರೆ, ಅವ್ವ ಬರುತ್ತಾಳೆ ಅಂತ ಕಾಯಬಹುದಿತ್ತು.